ಉಚ್ಚಂಗೆಮ್ಮನ ಗಾಜು

ವಿಜಯವಾಡದ ಪಟಮಟದಲ್ಲಿ ಒಂದು ಬುಧವಾರ ಬೆಳಿಗ್ಗೆ, ನಗರಗಳ ಚರಿತ್ರೆ ಬರೆಯುವವರು ಯಾವ ಕಾರಣಕ್ಕೂ ಕೈಬಿಡಬಾರದಂಥ ಒಂದು ಕಳವು ನಡೆಯಿತು.

ಕಳವಾದದ್ದು ಒಂದು ಗಾಜು.

ಅಂಗೈ ಅಗಲದ್ದು. ಇಂದಿರಮ್ಮನವರು ದಾವಣಗೆರೆಯಿಂದ ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದ ಉಚ್ಚಂಗೆಮ್ಮನ ಪುಟ್ಟ ಪಟದ್ದು. ಕಳ್ಳ ಪಟ ಮುಟ್ಟಿರಲಿಲ್ಲ, ಚೌಕಟ್ಟು ಮುಟ್ಟಿರಲಿಲ್ಲ. ಹಿಂದಿನ ಮೊಳೆ ಬಗ್ಗಿಸಿ, ಗಾಜನ್ನಷ್ಟೇ ಎಳೆದುಕೊಂಡು, ಉಳಿದದ್ದನ್ನೆಲ್ಲ ಇದ್ದ ಹಾಗೇ ಗೂಡಿನಲ್ಲಿಟ್ಟು ಹೋಗಿದ್ದ.

“ಎಂಥಾ ಕಳ್ಳನೇ ಇವನು!” ಎಂದರು ಇಂದಿರಮ್ಮ, ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ. “ಅಮ್ಮನ್ನ ಬಿಟ್ಟು ಅಮ್ಮನ ಗಾಜು ಒಯ್ದಾನೆ. ನಿನ್ನೆ ದೀಪ ಹಚ್ಚುವಾಗ ಇತ್ತಲ್ಲೇ ಮೃಣಾಲಿನಿ!”

ಪಟ ಮನೆಯೊಳಗಿರಲಿಲ್ಲ, ಬಾಗಿಲ ಹೊರಗೆ ಮೆಟ್ಟಿಲ ಪಕ್ಕದ ಗೂಡಿನಲ್ಲಿತ್ತು. ಅದಕ್ಕೆ ಕಾರಣ ದೇವಿಯಲ್ಲ, ಕಟ್ಟಡ. ಮುನ್ನೂರು ಗಜದ ಜಾಗದಲ್ಲಿ ಐದು ಮಹಡಿ ಎಬ್ಬಿಸಿ, ಒಂದೊಂದನ್ನೂ ಮೈಸೂರುಪಾಕಿನಂತೆ ಕೊಯ್ದು ಮಾರಿದ ಪುಣ್ಯಾತ್ಮನಿಗೆ ದಿಕ್ಕುಗಳ ಬಗ್ಗೆ ಪಕ್ಷಪಾತವಿರಲಿಲ್ಲ. ಮನೆಯೊಳಗೆ ಎಲ್ಲೇ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರೂ ಉಚ್ಚಂಗೆಮ್ಮನಿಗೆ ಎದುರಾಗುತ್ತಿದ್ದುದು ಬಚ್ಚಲ ಬಾಗಿಲು. ಹಾಗಾಗಿ ಮಹಾತಾಯಿ ಹೊರಗೆ ನಿಂತಿದ್ದಳು.

ಸೊಸೆ ಮೃಣಾಲಿನಿ ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ಈ ಊರಿಗೆ ಬಂದವಳು. ಗಂಡ ಗುರುದತ್ ವಿಶಾಖಪಟ್ಟಣದ ಔಷಧ ಕಾರ್ಖಾನೆಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಅವಳಿಗೆ ಪಟದ ಗಾಜಿನ ಚಿಂತೆ ಹತ್ತಲಿಲ್ಲ. ಅವಳನ್ನು ತಿನ್ನುತ್ತಿದ್ದುದು ಬೇರೊಂದು ಗಾಜು.

ಆ ಗಾಜು ಇದ್ದದ್ದು ಅವರ ಮನೆಯಿದ್ದ ಮೂರನೆಯ ಮಹಡಿಯ ಕೆಳಗಿನ ಮೆಟ್ಟಿಲ ತಿರುವಿನಲ್ಲಿ. ಅಲ್ಲಿ ಹಿಂಗೋಡೆ ಬಿರುಕು ಬಿಟ್ಟಿತ್ತು. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ತುಂಡು, ಎರಡೂ ತುದಿಗೆ ನಲ್ಲಿ ಪೈಪಿಗೆ ಮೆತ್ತುವ ಬೂದು ಅಂಟು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಹಿಂದಿನ ನಿವೇಶನದ ಅಗೆತ ನಿಲ್ಲಬೇಕು, ಕಟ್ಟಡ ಖಾಲಿಯಾಗಬೇಕು. ಪಾಲಿಕೆಯಿಂದ ಬಂದ ಎಂಜಿನಿಯರು ಹಾಕಿದ್ದ ನಿಯಮ ಅದು.

ಹಿಂದೆ ಅಲ್ಲಿ ಒಂದು ಹಂಚಿನ ಮನೆ, ಒಂದು ಮಾವಿನಮರ, ಒಂದು ಬಾವಿ ಇತ್ತಂತೆ. ಈಗ ದೊಡ್ಡ ಗುಂಡಿ. ಎರಡಂತಸ್ತಿನ ಸೆಲ್ಲಾರು ಬರುತ್ತದೆ, ಅಂದರೆ ನೆಲದಡಿ ಕಾರು ನಿಲ್ಲಿಸುವ ಜಾಗ. ಮೇಲೆ ಇನ್ನೂರು ಜನ, ಕೆಳಗೆ ಅವರ ಕಾರುಗಳು. ದಿನವಿಡೀ ಯಂತ್ರ ಅಗೆಯುತ್ತಿತ್ತು; ದಿನವಿಡೀ ಮೃಣಾಲಿನಿಯ ಅಡುಗೆಮನೆಯ ಲೋಟಗಳು ಒಂದಕ್ಕೊಂದು ಹಲ್ಲು ಕಡಿಯುತ್ತಿದ್ದವು.

ಮೆಟ್ಟಿಲ ಬಿರುಕು ಗೋಡೆಯುದ್ದಕ್ಕೂ ಹರಿದು ಅವಳ ಮಲಗುವ ಕೋಣೆಗೂ ಬಂದಿತ್ತು, ಮಗಳು ಶ್ರೀರಕ್ಷಾಳ ಹಾಸಿಗೆಯ ನೇರ ಮೇಲೆ. ಮಗು ಅದಕ್ಕೆ ಕೃಷ್ಣಾ ನದಿ ಎಂದು ಹೆಸರಿಟ್ಟಿತ್ತು. ಅರ್ಧ ತೆಲುಗು, ಅರ್ಧ ಕನ್ನಡದ ಮಗು. ಆ ಬೆಳಿಗ್ಗೆ ಎದ್ದೊಡನೆ ಹೇಳಿತ್ತು:

“ಅಮ್ಮಾ, ನದಿ ಪೆದ್ದದಿ ಆಯ್ತು.”

ಪೆದ್ದದಿ ಎಂದರೆ ದೊಡ್ಡದು. ಮೃಣಾಲಿನಿ ಬರಿಗಾಲಲ್ಲೇ ಮೆಟ್ಟಿಲ ತಿರುವಿಗೆ ಓಡಿದಳು. ಗಾಜು ಇಡಿಯಾಗಿತ್ತು. ಸಣ್ಣದೊಂದು ಕುಂಕುಮದ ಬೊಟ್ಟು ಬೇರೆ ಹೊತ್ತು ಕೂತಿತ್ತು. ಕಾವಲಿನ ಕೋಟೇಶ್ವರಮ್ಮನ ಕೆಲಸ ಎಂದುಕೊಂಡಳು. ಆಕೆ ಲಿಫ್ಟಿಗೂ ಕುಂಕುಮವಿಡುವವಳು.

ಒಂಬತ್ತೂವರೆಗೆ ಪಾಲಿಕೆಯ ಎಂಜಿನಿಯರು ಬಂದ. ಬಗ್ಗಿ ಗಾಜು ನೋಡಿದ. ಕುಂಕುಮ ನೋಡಿ ನಕ್ಕ. “ಗೋಡೆ ಸರಿದಿಲ್ಲ. ಕೆಲಸ ಮುಂದುವರಿಸಿ,” ಎಂದು ಇಳಿದು ಹೋದ.

“ಆದರೆ ನಮ್ಮ ಬಚ್ಚಲ ಬಾಗಿಲು ಹಾಕಲು ಬರುತ್ತಿಲ್ಲ ಸಾರ್!” ಎಂದು ಮೃಣಾಲಿನಿ ಅವನ ಬೆನ್ನಿಗೆ ಕೂಗಿದಳು.

“ಮರ ಉಬ್ಬಿರುತ್ತದಮ್ಮಾ,” ಎಂದರು ಜೊತೆಗಿದ್ದ ಕೃಷ್ಣಚೈತನ್ಯಗಾರು ಮೆಲ್ಲಗೆ. ಎದುರು ಮನೆಯವರು, ಕಾಲೇಜಿನಲ್ಲಿ ಗಣಿತ ಕಲಿಸುವವರು, ನಿವಾಸಿಗಳ ಸಂಘದ ಸೆಕ್ರೆಟರಿ. “ಗಾಜು ಸುಳ್ಳು ಹೇಳುವುದಿಲ್ಲ. ನೀವು ಸ್ವಲ್ಪ ನಿದ್ದೆ ಮಾಡಿ.”

ಎಲ್ಲರೂ ಹೇಳುತ್ತಿದ್ದುದು ಅದನ್ನೇ. ಗಂಡನೂ ಫೋನಿನಲ್ಲಿ ಅದನ್ನೇ. ಗಾಜು ಇಡಿಯಾಗಿದೆ, ಒಡೆದಿರುವುದು ನಿನ್ನ ಧೈರ್ಯ.

ಅವಳು ಮಗುವನ್ನು ಶಾಲೆಗೆ ಬಿಟ್ಟು ಬಂದು, ಬ್ಯಾಂಕಿಗೆ ರಜೆ ಹೇಳಿ, ಗೋಡೆಯನ್ನು ನೋಡುತ್ತ ಕೂತಳು. ಹಾವಿನ ಹುತ್ತದೆದುರು ಕೂತ ಹಾಗೆ.

ಹನ್ನೊಂದಕ್ಕೆ ಶ್ರೀಕಂಠ ಬಂದರು.

ಇಂದಿರಮ್ಮನ ತಮ್ಮ. ವಿಶಾಖಪಟ್ಟಣದಲ್ಲಿ ಇನ್ನೊಂದು ಬ್ಯಾಂಕಿನ ವಿಚಕ್ಷಣಾಧಿಕಾರಿ, ಎಂದರೆ ಬ್ಯಾಂಕಿನೊಳಗಿನ ಕಳ್ಳರನ್ನು ಹಿಡಿಯುವ ಬ್ಯಾಂಕಿನವರು. ಮನೆ ಸಮುದ್ರದ ದಂಡೆಯ ಭೀಮುನಿಪಟ್ಟಣದಲ್ಲಿ, ಆಡುಮಾತಿನಲ್ಲಿ ಭೀಮಿಲಿ. ಈ ಊರಿಗೆ ಯಾವುದೋ ತನಿಖೆಗೆ ಬಂದವರು ಅಕ್ಕನ ಮನೆಯ ಊಟ ಬಿಟ್ಟುಹೋಗುವ ಪೈಕಿಯಲ್ಲ.

“ಬಂದ್ಯೇನಪ? ಮೊದ್ಲು ಅಮ್ಮನ ಗಾಜು ಹುಡುಕು. ಆಮೇಲೆ ಊಟ.”

“ಊಟ ಅಡ ಇಟ್ರೆ ತನಿಖೆ ಬೇಗ ಮುಗಿಯುತ್ತೆ ಬಿಡಕ್ಕ,” ಎಂದು ಶ್ರೀಕಂಠ ಗೂಡಿನ ಮುಂದೆ ಬಗ್ಗಿದರು. “ನಿನ್ನ ಮನೆಗೂ ಪಕ್ಕದ ಕಟ್ಟಡಕ್ಕೂ ನಡುವೆ ಬೆಕ್ಕು ಸಹ ಉಸಿರು ಹಿಡಿದು ಹೋಗಬೇಕು. ನಮ್ಮ ಭೀಮಿಲಿಯಲ್ಲಿ ಎಮ್ಮೆ ತಿರುಗುತ್ತೆ.”

“ಎಮ್ಮೆ ಸುದ್ದಿ ಬ್ಯಾಡ. ಗಾಜು.”

“ನೋಡ್ತಿದೀನಿ. ಮೊಳೆ ಬಗ್ಗಿಸಿದವನು ಮತ್ತೆ ನೆಟ್ಟಗೆ ಒತ್ತಿದಾನೆ. ಹೂವನ್ನೂ ತೆಗೆದು ಮತ್ತೆ ಇಟ್ಟಿದಾನೆ. ನಿನ್ನ ಕಳ್ಳ ಭಕ್ತ ಅಕ್ಕ. ಕುಂಕುಮ ಎಲ್ಲಿ ಇಡ್ತಿದ್ದೆ?”

“ಗಾಜಿನ ಮೇಲೆ, ಅಮ್ಮನ ಪಾದಕ್ಕೆ. ಒಂದು ಹನಿ ಹರಳೆಣ್ಣೆಯಾಗೆ ಕಲಸಿ. ಇಲ್ದಿದ್ರೆ ಆ ಗುಂಡಿ ಧೂಳಿಗೆ ನಿಲ್ಲಲ್ಲ.”

ಮೃಣಾಲಿನಿಗೆ ತಡೆಯಲಾಗಲಿಲ್ಲ. “ಮಾವ, ಆ ಗಾಜು ಹಾಳಾಗ್ಲಿ. ಒಳಗೆ ಬಂದು ಈ ಗೋಡೆ ನೋಡಿ. ನನಗೆ ಹುಚ್ಚು ಹಿಡಿದಿದ್ಯೋ ಇಲ್ವೋ ಹೇಳಿ.”

ಶ್ರೀಕಂಠ ಮಗುವಿನ ಹಾಸಿಗೆಯ ಮೇಲಿನ ನದಿಯನ್ನು ನೋಡಿದರು. ಬಚ್ಚಲ ಬಾಗಿಲು ಎಳೆದರು. ಅದು ಅರ್ಧಕ್ಕೆ ಬಂದು ಚೌಕಟ್ಟಿಗೆ ಕಚ್ಚಿತು. ಮತ್ತೆ ಎಳೆದರು. ಮುಖದಲ್ಲಿದ್ದ ತಮಾಷೆ ಒಂದೊಂದಾಗಿ ಇಳಿದುಹೋಯಿತು.

“ಯಾವಾಗಿಂದ?”

“ಹೋದ ವಾರದಿಂದ. ಎಲ್ಲರಿಗೂ ಹೇಳ್ದೆ. ಎಲ್ಲರೂ ಗಾಜು ನೋಡು ಅಂತಾರೆ.”

“ನಡಿ. ಗಾಜು ನೋಡೋಣ.”

ಮೆಟ್ಟಿಲ ತಿರುವಿನಲ್ಲಿ ಅವರು ಬಹಳ ಹೊತ್ತು ಬಗ್ಗಿ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮತ್ತೆ ಬಗ್ಗಿದರು. ಎದ್ದಾಗ ಕೇಳಿದ್ದು ಒಂದೇ ಮಾತು.

“ಮಗು ಎಲ್ಲಿ?”

“ಸ್ಕೂಲಲ್ಲಿ. ಯಾಕೆ ಮಾವ?”

“ಇವತ್ತು ಇಲ್ಲಿಗೆ ಕರ್ಕೊಂಡು ಬರಬೇಡ. ನಿನ್ನ ಬ್ಯಾಂಕಿನವರ್ಯಾರ ಮನೆಗಾದ್ರೂ ಬಿಡು.”

ಇಷ್ಟು ದಿನ ಮೃಣಾಲಿನಿ ಯಾರೂ ನಂಬಲಿಲ್ಲವೆಂದು ಹೆದರಿದ್ದಳು. ಒಬ್ಬರು ನಂಬಿದರೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತದೆಂದು ಗೊತ್ತಿರಲಿಲ್ಲ. ಸಹೋದ್ಯೋಗಿ ಚಿತ್ರಾಳಿಗೆ ಫೋನು ಮಾಡಿ, ಮಗುವನ್ನು ಶಾಲೆಯಿಂದ ಅವಳ ಮನೆಗೇ ಕರೆದೊಯ್ಯಲು ಹೇಳಿದಳು.

“ಅಕ್ಕ, ನೀನೂ ಕೆಳಗೆ ನಡಿ.”

“ಗಾಜು ಸಿಗೋತನಕ ಕದಲಲ್ಲ,” ಎಂದರು ಇಂದಿರಮ್ಮ.

“ಸಿಕ್ಕೈತೆ,” ಎಂದರು ಶ್ರೀಕಂಠ. “ಕಳ್ಳ ಯಾರು ಅಂತಷ್ಟೇ ಬಾಕಿ. ಅವನನ್ನ ಹಿಡಿಯದೆ ಕೂಗಿದರೆ ಈ ಕಟ್ಟಡದಲ್ಲಿ ಯಾರೂ ನಂಬಲ್ಲ.”

ಕೋಟೇಶ್ವರಮ್ಮ ಇರುತ್ತಿದ್ದುದು ನೆಲದಡಿಯ ಸೆಲ್ಲಾರಿನಲ್ಲಿ. ಕಾರುಗಳಿಗೆಂದು ಕಟ್ಟಿದ ಆ ಜಾಗದಲ್ಲಿ ಒಂದು ಟ್ಯೂಷನ್ ಕೇಂದ್ರ, ಒಂದು ಜೆರಾಕ್ಸ್ ಅಂಗಡಿ. ಅವೆರಡರ ಹಿಂದೆ ನೀರಿನ ಮೋಟಾರು. ಮೋಟಾರಿನ ಪಕ್ಕ ಆಕೆಯ ಮಂಚ. ಕಾರುಗಳೆಲ್ಲ ಬೀದಿಯಲ್ಲಿ.

“ಕೋಟೇಶ್ವರಮ್ಮಾ, ಮೇಲಿನ ಗಾಜಿಗೆ ಕುಂಕುಮ ಇಟ್ಟದ್ದು ನೀವಾ?” ಶ್ರೀಕಂಠರ ತೆಲುಗು ಮೃಣಾಲಿನಿಯದಕ್ಕಿಂತ ನಯವಾಗಿತ್ತು.

“ಅಯ್ಯೋ ಬಾಬೂ, ನಾನಲ್ಲ. ಬೆಟ್ಟದ ಮೇಲಿನ ದುರ್ಗಮ್ಮನೇ ಸಾಕ್ಷಿ. ಬಿರುಕಿಗೆ ಯಾರಾದರೂ ಪೂಜೆ ಮಾಡುತ್ತಾರಾ? ಪೂಜೆ ಮಾಡಿದರೆ ಬೆಳೆಯುತ್ತದೆ!”

ಮೃಣಾಲಿನಿ ನಂಬಲಿಲ್ಲ. ಮೋಟಾರಿನ ಹಣೆಯಲ್ಲೂ ಬೊಟ್ಟಿತ್ತು. ದಪ್ಪಗೆ ಬಳಿದ ಅರಿಶಿನ, ನಡುವೆ ಕುಂಕುಮ. ಶ್ರೀಕಂಠ ಅದನ್ನು ನೋಡಿದರು. ಮೀಟರು ಬೋರ್ಡಿನ ಬೊಟ್ಟನ್ನೂ ನೋಡಿದರು.

“ಬೆಳಿಗ್ಗೆ ಹೊರಗಿನವರು ಯಾರಾದರೂ ಮೇಲೆ ಹೋದರಾ?”

“ಯಾರೂ ಇಲ್ಲ. ಗೇಟಿನ ಬೀಗದ ಕೈ ನನ್ನ ಸೊಂಟದಲ್ಲಿ. ಹಾಲಿನವನೂ ಪ್ಯಾಕೆಟ್ಟು ಗೇಟಲ್ಲೇ ಕೊಡುತ್ತಾನೆ. ಆಮೇಲೆ ಆಫೀಸರು, ಹಿಂದಿನ ಸೈಟಿನ ಫಣೀಂದ್ರ ಬಂದರು. ಅಷ್ಟೇ.”

“ಆಫೀಸರು ಬರುವುದು ನಿಮಗೆ ಗೊತ್ತಿತ್ತಾ?”

“ನಿನ್ನೆ ಸಂಜೆ ಸೆಕ್ರೆಟರಿಗಾರು ಹೇಳಿದರು, ಮೆಟ್ಟಿಲು ಗುಡಿಸಿಡು ಅಂತ.” ಆಕೆ ದನಿ ತಗ್ಗಿಸಿದಳು. “ಬಾಬೂ, ಹಿಂಗೋಡೆ ಬೆವರುತ್ತದೆ. ಮುಟ್ಟಿ ನೋಡಿ.”

ಮೃಣಾಲಿನಿ ಮುಟ್ಟಿದಳು. ಗೋಡೆ ಒದ್ದೆಯಾಗಿತ್ತು. ಅದರಾಚೆ, ಕೈಯಳತೆಯ ದೂರದಲ್ಲಿ, ಯಂತ್ರ ನೆಲ ಕಡಿಯುತ್ತಿತ್ತು. ಅಂಗೈಯೊಳಗೆ ಅದರ ಗುಡುಗು ಬಂತು. ಸರಕ್ಕನೆ ಕೈ ತೆಗೆದಳು.

ಫಣೀಂದ್ರ ಗುಂಡಿಯಂಚಿನಲ್ಲಿ ತಲೆಗೆ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದ. ಹಿಂದಿನ ಕಟ್ಟಡದವರ ಸೈಟು ಎಂಜಿನಿಯರು. ಗಡ್ಡ ಇನ್ನೂ ಪೂರ್ತಿ ಬಂದಿರಲಿಲ್ಲ.

“ಎರಡು ಕಟ್ಟಡದ ನಡುವೆ ಜಾಗ ಬಿಡಬೇಕಲ್ಲಪ್ಪಾ?” ಎಂದರು ಶ್ರೀಕಂಠ. “ಗುಂಡಿ ಗೋಡೆಯ ಬುಡಕ್ಕೇ ಬಂದಿದೆ.”

“ನಿಮ್ಮವರೇ ಒಪ್ಪಿದ್ದಾರೆ ಸಾರ್. ಸೆಕ್ರೆಟರಿಗಾರು ಸಹಿ ಹಾಕಿದ್ದಾರೆ. ಬದಲಿಗೆ ನಮ್ಮ ಸೆಲ್ಲಾರಿನಲ್ಲಿ ನಿಮ್ಮ ಕಾರುಗಳಿಗೆ ಜಾಗ. ಮೇಡಂಗೆ ಗೊತ್ತಲ್ಲ?”

ಮೇಡಂಗೆ ಗೊತ್ತಿತ್ತು. ಸಂಘದ ಸಭೆಯಲ್ಲಿ ಕೃಷ್ಣಚೈತನ್ಯಗಾರು ಅದನ್ನು ಪ್ರಕಟಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮೃಣಾಲಿನಿಯೂ ತಟ್ಟಿದ್ದಳು. ಜಾಗ ಬರುವುದು ಎಲ್ಲಿಂದ ಎಂದು ಯಾರೂ ಕೇಳಿರಲಿಲ್ಲ.

“ಇವತ್ತು ತಪಾಸಣೆ ಅಂತ ಮೊದಲು ಗೊತ್ತಾದದ್ದು ಯಾರಿಗೆ?”

“ನನಗೆ. ನಾನು ನಿನ್ನೆ ಸಂಜೆ ಸೆಕ್ರೆಟರಿಗಾರಿಗೆ ಫೋನು ಮಾಡಿದೆ. ಯಾಕೆ ಸಾರ್? ಗಾಜು ಸರಿಯಾಗಿಯೇ ಇದೆಯಲ್ಲ?”

“ನೀನೂ ಬಾ ಮೇಲೆ. ಯಂತ್ರ ನಿಲ್ಲಿಸಿ ಬಾ.”

“ಯಂತ್ರ ನಿಲ್ಲಿಸುವುದಾ? ನನ್ನ ಕೆಲಸ ಹೋಗುತ್ತದೆ—”

“ನಿಲ್ಲಿಸು.”

ಆ ದನಿಗೆ ಅವನು ನಿಲ್ಲಿಸಿದ. ತಿಂಗಳುಗಳಿಂದ ಕೇಳದ ನಿಶ್ಶಬ್ದ ಬೀದಿಯ ಮೇಲೆ ಬಿತ್ತು. ಮೃಣಾಲಿನಿಗೆ ಅದೂ ಭಯವೆನಿಸಿತು. ಈಗ ಗೋಡೆ ಏನಾದರೂ ಸದ್ದು ಮಾಡಿದರೆ ಕೇಳಿಸಿಬಿಡುತ್ತದೆ.

ಕೃಷ್ಣಚೈತನ್ಯಗಾರ ಹೊಸಿಲ ಮುಂದೆ ರಂಗೋಲಿ, ತೆಲುಗಿನವರ ಮುಗ್ಗು, ಇರಲಿಲ್ಲ. ಇವರ ಹೆಂಡತಿ ದುರ್ಗಾಂಬ ಜ್ವರದಲ್ಲೂ ಹೊಸಿಲಿಗೆ ಮುಗ್ಗು ಹಾಕದೆ ಬಿಟ್ಟವರಲ್ಲ. ಎಷ್ಟು ದಿನದಿಂದ ಇಲ್ಲ? ಮೃಣಾಲಿನಿಗೆ ನೆನಪಾಗಲಿಲ್ಲ. ಇಷ್ಟು ಹತ್ತಿರ ಬದುಕುವವರು ಒಬ್ಬರ ಬಾಗಿಲು ಇನ್ನೊಬ್ಬರು ನೋಡುವುದಿಲ್ಲ.

“ಬನ್ನಿ, ಬನ್ನಿ. ಕಾಫಿ ಕೊಡಲಾರೆ, ಮನೆಯಲ್ಲಿ ಹೆಂಗಸರಿಲ್ಲ,” ಎಂದರು ಅವರು.

“ಎಲ್ಲಿಗೆ ಹೋಗಿದ್ದಾರೆ?”

“ಭೀಮಿಲಿಗೆ, ನನ್ನ ಭಾಮೈದನ ಮನೆಗೆ. ಸಮುದ್ರದ ಗಾಳಿ ಒಳ್ಳೆಯದು ಅಂತ.”

“ನಾನೂ ಆ ಗಾಳಿಯವನೇ. ಮಕ್ಕಳು?”

“ಅವರೂ ಹೋಗಿದ್ದಾರೆ.”

“ಪರೀಕ್ಷೆ ನಡೆಯುತ್ತಿರುವಾಗ? ಗಣಿತದ ಮೇಷ್ಟರ ಮಕ್ಕಳು?”

ಕೃಷ್ಣಚೈತನ್ಯಗಾರು ಗೋಡೆಯ ಗಡಿಯಾರ ನೋಡಿದರು.

“ಸ್ವಲ್ಪ ಮೆಟ್ಟಿಲವರೆಗೆ ಬನ್ನಿ ಸೆಕ್ರೆಟರಿಗಾರೂ.”

ತಿರುವಿನಲ್ಲಿ, ಹಿಂದೆಯೇ ಹತ್ತಿ ಬಂದಿದ್ದ ಕೋಟೇಶ್ವರಮ್ಮನೂ ಸೇರಿ, ಐವರು ಒತ್ತಿಕೊಂಡು ನಿಂತರು. ಆ ಕಟ್ಟಡದಲ್ಲಿ ಐವರು ಒತ್ತಿಕೊಳ್ಳದೆ ನಿಲ್ಲುವ ಜಾಗವಿರಲಿಲ್ಲ. ಇಂದಿರಮ್ಮ ಗಾಜಿಲ್ಲದ ಪಟವನ್ನು ಸೆರಗಲ್ಲಿ ಮುಚ್ಚಿಕೊಂಡು ಎರಡು ಮೆಟ್ಟಿಲು ಮೇಲೆ ನಿಂತರು.

“ಈ ಬೊಟ್ಟನ್ನು ಬೆಳಿಗ್ಗೆಯಿಂದ ಎಲ್ಲರೂ ನೋಡಿದ್ದೀರಿ,” ಎಂದರು ಶ್ರೀಕಂಠ. “ನೋಡಿ ಏನಂದುಕೊಂಡಿರಿ?”

“ಈ ಕೋಟೇಶ್ವರಮ್ಮನ ಭಕ್ತಿ,” ಎಂದ ಫಣೀಂದ್ರ.

“ಕೋಟೇಶ್ವರಮ್ಮ ಅರಿಶಿನ ಬಳಿಯದೆ ಕುಂಕುಮ ಇಡುವುದಿಲ್ಲ. ಮೋಟಾರಿಗೂ ಆ ಮರ್ಯಾದೆ ಕೊಟ್ಟಿದ್ದಾಳೆ. ಇಲ್ಲಿ ಹಳದಿ ಎಲ್ಲಿ? ಇಲ್ಲ. ಇರುವುದು ಎಣ್ಣೆ. ಮೂಸಿ ನೋಡು. ಹರಳೆಣ್ಣೆ.”

ಇಂದಿರಮ್ಮ ಮೇಲಿನಿಂದ ಬಗ್ಗಿದರು. “ಅಯ್ಯೋ! ನನ್ನ ಕುಂಕುಮ!”

“ಸ್ವಲ್ಪ ತಡಿ ಅಕ್ಕ. ಇನ್ನೊಂದು ಇದೆ. ಈ ಬೊಟ್ಟು ದುಂಡಗಿದೆಯಾ?”

ಇರಲಿಲ್ಲ. ಮೃಣಾಲಿನಿ ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದ್ದಳೋ, ಈಗ ಕಂಡಳು. ಬೊಟ್ಟು ಅರ್ಧಚಂದ್ರನಂತಿತ್ತು. ನೇರಗೆರೆ ಎಳೆದಂತೆ ಬೂದು ಅಂಟಿನ ಅಂಚಿಗೆ ನಿಂತುಬಿಟ್ಟಿತ್ತು.

“ಇನ್ನರ್ಧ ಎಲ್ಲಿ?”

ಶ್ರೀಕಂಠ ಜೇಬಿನಿಂದ ಬೀಗದ ಕೈ ತೆಗೆದು ಅಂಟಿನ ಅಂಚನ್ನು ಮೀಟಿದರು. ಅದಿನ್ನೂ ಹಸಿಹಸಿಯಾಗಿತ್ತು, ಎಣ್ಣೆಯಿದ್ದ ಕಡೆ ಹಿಡಿದೇ ಇರಲಿಲ್ಲ. ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಕೆಂಪಗೆ ಉಳಿದರ್ಧ ಇತ್ತು.

“ಗೋಡೆಗೆ ಅಂಟಿಸಿದ ಗಾಜಿಗೆ ಕುಂಕುಮ ಇಟ್ಟರೆ ಅದು ಅಂಟಿನ ಮೇಲಿರಬೇಕು. ಇದು ಅಡಿಯಲ್ಲಿದೆ. ಅಂದರೆ ಕುಂಕುಮ ಮೊದಲು, ಅಂಟು ಆಮೇಲೆ. ಈ ಗಾಜು ಇಲ್ಲಿಗೆ ಬರುವಾಗಲೇ ಯಾರದೋ ಪಾದಕ್ಕೆ ಕುಂಕುಮ ಹೊತ್ತು ಬಂದಿದೆ. ಬಂದದ್ದು ಇವತ್ತು ಬೆಳಿಗ್ಗೆ.”

“ಹಾಗಾದರೆ ಮೊದಲಿನ ಗಾಜು?” ಎಂದ ಫಣೀಂದ್ರ.

“ಒಡೆದಿದೆ. ಒಡೆದದ್ದನ್ನು ಒಬ್ಬರು ಮುಂಜಾನೆಯೇ ನೋಡಿದ್ದಾರೆ. ಎಂಜಿನಿಯರು ಒಂಬತ್ತೂವರೆಗೆ ಬರುತ್ತಾನೆ. ಗಾಜಿನಂಗಡಿ ಅಷ್ಟು ಹೊತ್ತಿಗೆ ತೆರೆಯುವುದಿಲ್ಲ. ಕಣ್ಣೆದುರು ಗೂಡಿನಲ್ಲಿ ಅಷ್ಟೇ ಅಗಲದ ಗಾಜು. ತೆಗೆದರು.”

“ಕುಂಕುಮ ಒರೆಸಬಹುದಿತ್ತಲ್ಲ ಸಾರ್? ಒಂದು ಚಿಂದಿ ಸಾಕು.”

“ನೀನಾದರೆ ಒರೆಸುತ್ತಿ. ಹೆಂಡತಿ ಇರುವ ಗಂಡಸಿಗೆ ಅಮ್ಮನ ಕುಂಕುಮ ಅಳಿಸಲು ಕೈ ಬರುವುದಿಲ್ಲ. ಅಳಿಸಿದರೆ ಕೇಡು ತನಗೇ ಅಂತ ಭಯ. ಒರೆಸದೆ ಅಂಟಿನಲ್ಲಿ ಮುಚ್ಚಲು ನೋಡಿದರು. ಅರ್ಧ ಮುಚ್ಚಿತು.” ಶ್ರೀಕಂಠ ಯಾರ ಮುಖವನ್ನೂ ನೋಡಲಿಲ್ಲ. “ತಪಾಸಣೆ ಗೊತ್ತಿದ್ದದ್ದು ಮೂವರಿಗೆ. ಫಣೀಂದ್ರ ಅಷ್ಟು ಹೊತ್ತಿಗೆ ಗೇಟಿನೊಳಗೆ ಬಂದಿಲ್ಲ. ಕೋಟೇಶ್ವರಮ್ಮ ಮಲಗುವುದು ಇದೇ ಗೋಡೆಯ ಬುಡದಲ್ಲಿ; ಒಡೆದ ಗಾಜು ಕಂಡಿದ್ದರೆ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಗೋಡೆ ಸರಿಯುತ್ತಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ಮೊದಲು ಏನು ಮಾಡುತ್ತಾನೆ? ಪರೀಕ್ಷೆ ಬಿಡಿಸಿಯಾದರೂ ಹೆಂಡತಿ ಮಕ್ಕಳನ್ನು ಸಮುದ್ರದ ಗಾಳಿಗೆ ಕಳಿಸುತ್ತಾನೆ. ಅಲ್ಲವೇ ಕೃಷ್ಣಚೈತನ್ಯಗಾರೂ?”

ಕೃಷ್ಣಚೈತನ್ಯ ಗೋಡೆಗೆ ಒರಗಹೋಗಿ, ಅದು ಯಾವ ಗೋಡೆಯೆಂದು ನೆನಪಾಗಿ, ನೆಟ್ಟಗೆ ನಿಂತರು.

“ಎಲ್ಲರೂ ಕಾರಿಗೆ ಜಾಗ, ಕಾರಿಗೆ ಜಾಗ ಅಂದಿರಿ,” ಎಂದರು. “ಸಹಿ ಮಾತ್ರ ನನ್ನದು. ಅವರ ಸೆಲ್ಲಾರಿನ ಗೋಡೆ ಎದ್ದರೆ ನಮ್ಮದಕ್ಕೂ ಆಸರೆ ಸಿಗುತ್ತದೆ ಅಂತ ಈ ಫಣೀಂದ್ರನೇ ಹೇಳಿದ. ಇನ್ನು ಸ್ವಲ್ಪ ದಿನ ತಡೆದರೆ ಸಾಕು ಅಂತ ಲೆಕ್ಕ ಹಾಕಿದೆ.”

“ಗಾಜು ಒಡೆಯದಿದ್ದರೆ ಅಂದೆ ನಾನು!” ಎಂದ ಫಣೀಂದ್ರ.

“ನನ್ನ ಮಗಳು ಈ ಗೋಡೆ ಕೆಳಗೇ ಮಲಗುತ್ತಾಳೆ,” ಎಂದಳು ಮೃಣಾಲಿನಿ. “ನಿಮ್ಮ ಮಕ್ಕಳನ್ನು ಕಳಿಸಿದಿರಿ. ನನಗೆ ನಿದ್ದೆ ಮಾಡಿ ಅಂದಿರಿ.”

ಅವರು ಒಂದು ಮೆಟ್ಟಿಲು ಹಿಂದಕ್ಕೆ ಇಳಿದರು.

“ಇದು ಎಷ್ಟನೆಯ ಗಾಜು?” ಎಂದರು ಶ್ರೀಕಂಠ.

“ಮೂರನೆಯದು.”

ಶ್ರೀಕಂಠ ಮೊಬೈಲಿನ ದೀಪ ಹಚ್ಚಿ ಗಾಜಿಗೆ ಓರೆಯಾಗಿ ಹಿಡಿದರು. ಕೆಳಗಿನ ಮೂಲೆಯಿಂದ ಒಂದು ಬೆಳ್ಳನೆ ಎಳೆ ಹೊರಟು, ನಡುವಿನವರೆಗೆ ಬಂದು ನಿಂತಿತ್ತು.

“ಬೆಳಿಗ್ಗೆ ಅಂಟಿಸಿದ್ದು,” ಎಂದರು. “ಊಟದ ಹೊತ್ತಿಗೇ ಸೀಳು ಬಿಟ್ಟಿದೆ.”

ಕೋಟೇಶ್ವರಮ್ಮ ಎಲ್ಲರಿಗಿಂತ ಮೊದಲು ಇಳಿದಳು, ದುರ್ಗಮ್ಮನನ್ನು ಕೂಗುತ್ತ. ಆಮೇಲೆ ಬಾಗಿಲುಗಳು, ಕರೆಗಂಟೆಗಳು, ಚಪ್ಪಲಿಗಳ ಸದ್ದು. ಮೃಣಾಲಿನಿ ಮಹಡಿ ಮಹಡಿಗೂ ಹತ್ತಿ ಬಾಗಿಲು ಬಡಿದಳು. ಒಂದೊಂದು ಬಾಗಿಲು ತೆರೆಯುವವರೆಗೂ ಅವಳಿಗೆ ಕಾಲಡಿಯ ನೆಲ ಉಸಿರಾಡುತ್ತಿರುವಂತೆ ಅನಿಸುತ್ತಿತ್ತು. ಒಬ್ಬರು ಟಿವಿ ಹೊತ್ತರು, ಒಬ್ಬರು ಉಪ್ಪಿನಕಾಯಿ ಜಾಡಿ. ಐದು ಮಹಡಿಯ ಜನ ಬೀದಿಯಲ್ಲಿ, ತಮ್ಮತಮ್ಮ ಕಾರುಗಳ ನಡುವೆ, ನಿಲ್ಲಲು ಜಾಗವಿಲ್ಲದೆ ನಿಂತರು.

“ಗಾಜು ಬಿಡಿಸಿಕೊಡೋ ಶ್ರೀಕಂಠ,” ಎಂದರು ಇಂದಿರಮ್ಮ ಗೇಟಿನ ಬಳಿ.

“ಅದು ಸಾಕ್ಷಿ ಅಕ್ಕ. ಎಂಜಿನಿಯರು ಬರೋವರೆಗೂ ಅಲ್ಲೇ ಇರಬೇಕು.”

ಎಂಜಿನಿಯರು ಸಂಜೆ ಬಂದ. ಈ ಸಲ ನಗಲಿಲ್ಲ. ಕಟ್ಟಡಕ್ಕೆ ಬೀಗ ಬಿತ್ತು. ಕೃಷ್ಣಚೈತನ್ಯರನ್ನು ಪೊಲೀಸರು ಕರೆದೊಯ್ದರು.

ಶುಕ್ರವಾರ ಮಧ್ಯಾಹ್ನ ಕಟ್ಟಡದ ಹಿಂಭಾಗ ಗುಂಡಿಯೊಳಕ್ಕೆ ಜಾರಿತು. ಒಳಗೆ ಯಾರೂ ಇರಲಿಲ್ಲ. ಗೋಡೆಯಲ್ಲೇ ಉಳಿದಿದ್ದ ಉಚ್ಚಂಗೆಮ್ಮನ ಗಾಜು ಸಿಗಲಿಲ್ಲ.